ಒಂದೂ ‘ಹೌದು’ ಇಲ್ಲದ ತರಗತಿ

ಪಠ್ಯಪುಸ್ತಕ ಬರೆಯುವವರ ಹಣೆಬರಹ ನೋಡಿ. ಕತೆ ಬರೆದವರನ್ನು ಓದುಗರು ಹುಡುಕಿಕೊಂಡು ಬಂದು ಕೈ ಕುಲುಕುತ್ತಾರೆ. ಪಠ್ಯಪುಸ್ತಕ ಬರೆದವರಿಗೆ ಮಾತ್ರ ಊರಿನ ಮಕ್ಕಳೆಲ್ಲ ಪರೀಕ್ಷೆಯ ಹಿಂದಿನ ದಿನ ಒಟ್ಟಾಗಿ ಶಾಪ ಹಾಕುತ್ತಾರೆ. ಹಾಗೆ ಶಾಪ ಹಾಕಿಸಿಕೊಂಡೂ ಹಾಕಿಸಿಕೊಂಡೂ ಚರ್ಮ ದಪ್ಪವಾಗಿದ್ದ ಒಬ್ಬ ಹೆಂಗಸಿನ ಕತೆ ಇದು. ಪ್ರಕಾಶನದ ಕಚೇರಿಯಲ್ಲಿ ಅವಳು ಮೇಡಂ. ಫೋನಿನಲ್ಲಿ ಮಾತನಾಡುವ ಶಿಕ್ಷಕರಿಗೆಲ್ಲ ಲೇಖಕಿ. ಅಣ್ಣನ ಮನೆಯ ಹೊಸಿಲು ದಾಟಿದರೆ ಬರೀ ತಂಗಿ. ನಮಗೂ ಅಷ್ಟು ಸಾಕು.

ಆ ವರ್ಷ ಅವಳ ಗಣಿತದ ಪುಸ್ತಕ ಮತ್ತೆ ಅಚ್ಚಾಗಬೇಕಿತ್ತು. ಬೇರೆ ಪಾಠಗಳೆಲ್ಲ ಹೇಗೋ ಉಸಿರಾಡುತ್ತಿದ್ದವು. ‘ಪ್ರಯೋಗಗಳು ಮತ್ತು ಸಮೀಕ್ಷೆಗಳು’ ಎಂಬ ಪಾಠ ಮಾತ್ರ ಹುಟ್ಟಿದ ದಿನದಿಂದ ಯಾರಿಗೂ ಅರ್ಥವಾಗಿರಲಿಲ್ಲ, ಪಾಠ ಮಾಡುವವರಿಗೂ. "ಈ ಸಲ ನಾವು ಕೂತು ತಲೆ ಕೆಡಿಸಿಕೊಳ್ಳೋದು ಬೇಡ ಮೇಡಂ," ಎಂದರು ಸಂಪಾದಕರು. "ಹೊಸದಾಗಿ ಬರೆದು ನಾಲ್ಕಾರು ಶಾಲೆಗೆ ಕೊಡೋಣ. ಪಾಠ ಮಾಡಿ ನೋಡ್ಲಿ. ಬೈಯೋದೆಲ್ಲ ಮೊದಲೇ ಬೈದುಬಿಡ್ಲಿ. ಆಮೇಲೆ ತಿದ್ದಿ ಅಚ್ಚಿಗೆ ಕಳಿಸೋಣ." ಸಂಪಾದಕರು ಪೆನ್ಸಿಲ್ಲಿನ ತುದಿ ಕಚ್ಚಿ ಕಚ್ಚಿ ಮಾತನಾಡುವ ಮನುಷ್ಯ. ಅವರ ಮೇಜಿನ ಮೇಲೆ ಹಲ್ಲಿನ ಗುರುತಿಲ್ಲದ ಪೆನ್ಸಿಲ್ಲು ಒಂದೂ ಇರಲಿಲ್ಲ.

ಅಭಿಪ್ರಾಯಗಳು ಬಂದವು. ಬಂದವು ಎನ್ನುವುದಕ್ಕಿಂತ ಮೈಮೇಲೆ ಬಿದ್ದವು ಎಂದರೆ ಸರಿ. ಒಂದು ತಟ್ಟೆ ಕಾಳನ್ನು ಬಿಸಿಲಲ್ಲಿ, ಇನ್ನೊಂದನ್ನು ನೆರಳಲ್ಲಿ ಇಟ್ಟು ಮೊಳಕೆ ಎಣಿಸಿ ಎಂದು ಅವಳು ಬರೆದಿದ್ದ ಪ್ರಯೋಗಕ್ಕೆ ಒಬ್ಬ ಶಿಕ್ಷಕರು, "ನಮ್ಮಲ್ಲಿ ಎರಡೂ ತಟ್ಟೆಯನ್ನು ಇಲಿ ಖಾಲಿ ಮಾಡಿದವು, ತೀರ್ಮಾನ ಏನಂತ ಬರೆಸಲಿ?" ಎಂದು ಕೇಳಿದ್ದರು. ನಾಣ್ಯದ ಎರಡು ಮುಖಗಳನ್ನು ಶಿರ, ಪುಚ್ಛ ಎಂದು ಕರೆದಿದ್ದಕ್ಕೆ ಒಬ್ಬ ಹುಡುಗ, "ನಾಣ್ಯಕ್ಕೆ ಬಾಲ ಯಾವಾಗ ಬಂತು?" ಎಂದಿದ್ದ. ಇನ್ನೊಬ್ಬಳು ಉಪಚಾರಕ್ಕೂ ಜಾಗ ಕೊಡದೆ, "ಇದು ಪರೀಕ್ಷೆಗೆ ಬರುತ್ತಾ ಇಲ್ವಾ, ಅದನ್ನ ಮೊದಲು ಹೇಳಿ," ಎಂದು ಮುಗಿಸಿದ್ದಳು. ತಂಗಿ ಒಬ್ಬಳೇ ಕೂತು ಹೊಟ್ಟೆ ಹಿಡಿದು ನಕ್ಕಳು. ಶಿರ ಪುಚ್ಛಗಳನ್ನು ಕಿತ್ತೊಗೆದು ಹೆಡ್ಡು, ಟೇಲು ಮಾಡಿದಳು. ಇಲಿ ತಿಂದರೆ ಇಲಿ ತಿಂದಿತೆಂದೇ ಬರೆಯಬೇಕು, ಪ್ರಯೋಗ ಕೆಟ್ಟಿತೆಂದು ಒಪ್ಪಿಕೊಳ್ಳುವುದೂ ಪಾಠವೇ ಎಂದು ಒಂದು ಸಾಲು ಸೇರಿಸಿದಳು.

ಆ ಪಾಠದ ನಡುವೆ ಒಂದು ಚಟುವಟಿಕೆ ಇತ್ತು. ಅದರ ಮೇಲೆ ಅವಳಿಗೆ ಹೆತ್ತ ಪ್ರೀತಿ. ನಾಚಿಕೆಯ ಪ್ರಶ್ನೆಯನ್ನೋ ಹೆದರಿಕೆಯ ಪ್ರಶ್ನೆಯನ್ನೋ ಮುಖಕ್ಕೆ ಮುಖ ಕೊಟ್ಟು ಕೇಳಿದರೆ ನಿಜ ಹೇಳುವವರು ಯಾರಿದ್ದಾರೆ ಹೇಳಿ. ಅದಕ್ಕೆ ಸಮೀಕ್ಷೆ ಮಾಡುವವರು ಕಂಡುಕೊಂಡ ಉಪಾಯ ಇದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಯಾರಿಗೂ ಕಾಣದ ಹಾಗೆ ಒಂದು ನಾಣ್ಯ ಚಿಮ್ಮಬೇಕು. ಹೆಡ್ ಬಿದ್ದರೆ, ನಿಜ ಏನೇ ಇರಲಿ, ಚೀಟಿಯಲ್ಲಿ ‘ಹೌದು’ ಎಂದು ಬರೆಯಬೇಕು. ಟೇಲ್ ಬಿದ್ದರೆ ಮಾತ್ರ ನಿಜ ಬರೆಯಬೇಕು. ಆಗ ಯಾರದೋ ಚೀಟಿಯಲ್ಲಿ ‘ಹೌದು’ ಕಂಡರೂ ಅದು ನಾಣ್ಯದ ಮಾತೋ ಮಗುವಿನ ಮಾತೋ ಯಾರಿಗೂ ಗೊತ್ತಾಗುವುದಿಲ್ಲ. ಸುಮಾರು ಅರ್ಧದಷ್ಟು ಚೀಟಿಗಳಲ್ಲಿ ‘ಹೌದು’ ನಾಣ್ಯದಿಂದಲೇ ಬರುತ್ತದೆ. ಅದಕ್ಕಿಂತ ಹೆಚ್ಚಿಗೆ ಬಂದದ್ದೆಷ್ಟೋ ಅಷ್ಟು ಮಕ್ಕಳ ಮನಸ್ಸು. ಕೇಳಬೇಕಾದ ಪ್ರಶ್ನೆಯನ್ನೂ ಅವಳೇ ಕೊಟ್ಟಿದ್ದಳು: ‘ನಿಮಗೆ ಲೆಕ್ಕ ಹೇಳಿಕೊಡುವವರನ್ನು ಕಂಡರೆ ನಿಮಗೆ ಭಯವೇ?’

ಬೇರೆ ಶಾಲೆಗಳಿಂದ ಬಂದ ಉತ್ತರಗಳು ಹೇಗಿರಬೇಕೋ ಹಾಗೇ ಇದ್ದವು. ಎಲ್ಲ ಕಡೆಯೂ ‘ಹೌದು’ ಅರ್ಧ ದಾಟಿತ್ತು. ಒಂದು ಶಾಲೆಯಲ್ಲಂತೂ ಮುಕ್ಕಾಲು ಮುಟ್ಟಿ, ಅಲ್ಲಿನ ಮೇಡಂ, "ನನ್ನ ಮುಖ ಅಷ್ಟು ಕೆಟ್ಟದಾಗಿದೆ ಅಂತ ಮನೇಲೂ ಯಾರೂ ಹೇಳಿರಲಿಲ್ಲ ಕಣ್ರೀ," ಎಂದು ಫೋನಿನಲ್ಲೇ ನಕ್ಕುಬಿಟ್ಟಿದ್ದರು. ತಂಗಿಗೆ ಆ ಮೇಡಂ ಮೇಲೆ ಪ್ರೀತಿ ಉಕ್ಕಿತು. ಹೀಗೆ ಸಲೀಸಾಗಿ ನಗುವವರ ಮುಂದೆ ‘ಹೌದು’ ಎನ್ನಲು ಯಾರು ಹೆದರುತ್ತಾರೆ ಎಂದುಕೊಂಡಳು.

ಆಮೇಲೆ ಅಣ್ಣನ ಫೋನು ಬಂತು.

ಅಣ್ಣನೂ ಲೆಕ್ಕದ ಮೇಷ್ಟ್ರು. ಹೊಸ ಪಾಠವನ್ನು ತನ್ನ ತರಗತಿಯಲ್ಲೂ ಮಾಡಿ ನೋಡುತ್ತೇನೆ ಎಂದು ತಾನಾಗಿ ಕೇಳಿ ಪಡೆದಿದ್ದ. "ಮರೀ, ಕೂತ್ಕೊಂಡಿದ್ಯಾ? ಕೂತ್ಕೊಂಡು ಕೇಳು," ಎಂದ. ಐವತ್ತು ಹತ್ತಿರವಾಗುತ್ತಿದ್ದ ಹೆಂಗಸನ್ನು ಮರಿ ಎನ್ನುವ ಜೀವ ಭೂಮಿಯ ಮೇಲೆ ಅವನೊಬ್ಬನೇ. "ನಲವತ್ತು ಮಕ್ಕಳು ಕಣೇ. ಒಂದೇ ಒಂದು ಹೌದು ಇಲ್ಲ! ಒಂದೂ ಇಲ್ಲ! ನನ್ನ ಕಂಡ್ರೆ ಒಬ್ಬರಿಗೂ ಭಯ ಇಲ್ಲ. ಸ್ಟಾಫ್ ರೂಮಲ್ಲಿ ಎಲ್ಲರೂ ಬಾಯಿ ಬಿಟ್ಕೊಂಡು ನೋಡಿದ್ರು. ಹೆಡ್ಮಾಸ್ಟ್ರಿಗೂ ಹೇಳಿಬಿಟ್ಟೆ, ಇದು ತಂಗಿ ಪುಸ್ತಕದಲ್ಲಿ ಬರುತ್ತೆ ಅಂತ. ಹಾಕ್ತೀಯ ತಾನೆ? ಹೆಸರು ಗಿಸರು ಬೇಡಪ್ಪ. ‘ಒಂದು ತರಗತಿಯಲ್ಲಿ’ ಅಂತ ಹಾಕು, ಸಾಕು."

"ಹೌದಾ ಅಣ್ಣ? ಒಳ್ಳೇದಾಯ್ತು," ಎಂದಳು ತಂಗಿ. ಫೋನಿಟ್ಟ ಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ನಲವತ್ತು ನಾಣ್ಯ ಚಿಮ್ಮಿದ್ದಾರೆ. ನಲವತ್ತೂ ಟೇಲ್ ಬೀಳಲು ಸಾಧ್ಯವೇ? ಇಪ್ಪತ್ತಕ್ಕೆ ಹತ್ತಿರ ಮಕ್ಕಳಿಗೆ ಹೆಡ್ ಬಿದ್ದೇ ಬಿದ್ದಿರಬೇಕು. ಅವರು ಕಣ್ಣು ಮುಚ್ಚಿಕೊಂಡು ‘ಹೌದು’ ಎಂದು ಬರೆಯಬಹುದಿತ್ತು, ಯಾರೂ ಅವರನ್ನು ತಪ್ಪು ತಿಳಿಯುತ್ತಿರಲಿಲ್ಲ. ಆದರೂ ಬರೆದಿಲ್ಲ. ಮೇಷ್ಟ್ರಿಗೆ ಹೆದರುತ್ತೇನೆ ಎಂಬ ಮಾತನ್ನು ನಾಣ್ಯದ ನೆಪದಲ್ಲಿ ಬರೆಯಲೂ ಹೆದರಿದ್ದಾರೆ. ಅಣ್ಣ ಎದೆಯುಬ್ಬಿಸಿ ಹೇಳಿದ ಸೊನ್ನೆಯ ಅರ್ಥ ಅದು. ಇಷ್ಟು ಸುಲಭದ ಲೆಕ್ಕ ಅವನಿಗೆ ಹೊಳೆಯದೆ ಹೋಯಿತಲ್ಲ! ಅವಳಿಗೆ ಕೂಡುವುದು ಕಳೆಯುವುದು ಹೇಳಿಕೊಟ್ಟವನೇ ಅವನು. ಏನು ಮಾಡುವುದು, ತನ್ನನ್ನು ಹೊಗಳುವ ಉತ್ತರ ಬಂದರೆ ಅದನ್ನು ತಾಳೆ ನೋಡುವವರು ಯಾರೂ ಇಲ್ಲ, ಲೆಕ್ಕದ ಮೇಷ್ಟ್ರೂ ಇಲ್ಲ.

ಅಣ್ಣನ ವಿಷಯ ಸ್ವಲ್ಪ ಹೇಳಲೇಬೇಕು. ಅಪ್ಪ ಹೋದಾಗ ತಂಗಿ ಇನ್ನೂ ಜಡೆ ಹಾಕಿಸಿಕೊಳ್ಳುವ ವಯಸ್ಸಿನವಳು. ಅಮ್ಮ ಬಟ್ಟೆ ಕಾರ್ಖಾನೆಗೆ ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಜಡೆ ಹಾಕಿದವನು ಅಣ್ಣ. ಕಿತ್ತ ಗುಂಡಿ ಹೊಲಿದವನು, ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಾ ಕೂತವನು ಅಣ್ಣ. ಅವಳ ಓದು ಮುಗಿಯಲಿ ಎಂದು ತನ್ನ ಮದುವೆಯನ್ನೇ ಮುಂದೆ ಹಾಕಿಕೊಂಡು ಬಂದವನು. ಒಂದು ಸಲವೂ ಕೈ ಎತ್ತಿದವನಲ್ಲ, ಒಂದು ಸಲವೂ ಕೂಗಾಡಿದವನಲ್ಲ. ಲೆಕ್ಕ ತಪ್ಪಿದರೆ ಪೆನ್ನಿನ ಕ್ಯಾಪು ಹಾಕಿ ಮೇಜಿನ ಮೇಲಿಟ್ಟು, ತುಟಿ ಪಿಟಕ್ಕೆನ್ನದೆ ನೋಡುತ್ತಾ ಕೂರುತ್ತಿದ್ದ, ಅಷ್ಟೆ. ಅವಳು ಅಳಿಸಿ ಸರಿ ಮಾಡುವವರೆಗೂ ಆ ನೋಟ ಕದಲುತ್ತಿರಲಿಲ್ಲ. ಆಮೇಲೂ ಅವನು ಮಾತನಾಡುತ್ತಿದ್ದದ್ದು ಯಾವಾಗಲೋ. ಅಷ್ಟು ಹೊತ್ತು ಅವಳು ಆ ಮನೆಯಲ್ಲಿ ಇದ್ದೂ ಇಲ್ಲದವಳು. ಇದನ್ನೆಲ್ಲ ಅವಳು ಯಾರ ಮುಂದೆಯೂ ದೂರಿನಂತೆ ಹೇಳಿದ್ದಿಲ್ಲ. ಅಣ್ಣ ಸ್ವಲ್ಪ ಶಿಸ್ತಿನವನು ಎನ್ನುತ್ತಿದ್ದಳು, ಅದೂ ಹೆಮ್ಮೆಯಿಂದ.

ಮಾರನೆಯ ದಿನ ಸಂಪಾದಕರ ಕೋಣೆಯಲ್ಲಿ ಕೂತು ವಿಷಯ ಹೇಳಿದಳು. ಯಾರ ತರಗತಿ ಎಂದು ಹೇಳಲಿಲ್ಲ. ಪ್ರೂಫಿನ ಕಟ್ಟುಗಳ ಹಿಂದಿನಿಂದ ಸಂಪಾದಕರು ಕೇಳಿಸಿಕೊಂಡು, ಪೆನ್ಸಿಲ್ಲನ್ನು ಬಾಯಿಂದ ತೆಗೆದರು.

"ತೆಗೆದುಬಿಡಿ ಮೇಡಂ," ಎಂದರು.

"ಏನನ್ನ?"

"ಆ ಚಟುವಟಿಕೆಯನ್ನೇ. ಪೀಡೆ ತೊಲಗಲಿ. ಸೂಚನೆ ಕಷ್ಟ ಅಂತ ಇಬ್ಬರು ಬೇರೆ ಬರೆದಿದ್ದಾರೆ. ಅದೇ ನೆಪ ಸಾಕು. ಅದರ ಬದಲು ‘ನಿಮ್ಮ ಇಷ್ಟದ ಬಣ್ಣ ಯಾವುದು’ ಅಂತ ಒಂದು ಸಮೀಕ್ಷೆ ಹಾಕಿ. ನೀಲಿ ಅಂತಾರೆ, ಕೆಂಪು ಅಂತಾರೆ. ಬಣ್ಣ ಕೇಳಿದ್ದಕ್ಕೆ ಯಾರ ಮನೇಲೂ ಜಗಳ ಆಗಲ್ಲ."

"ಉಳಿದ ಶಾಲೆಯಲ್ಲೆಲ್ಲ ಸರಿಯಾಗೇ ಬಂದಿದೆಯಲ್ಲ."

"ಅದಕ್ಕೇ ಹೇಳ್ತಿರೋದು. ಅಲ್ಲಿ ಸರಿಯಾಗಿ ಬಂದು ಇಲ್ಲಿ ಹೀಗೆ ಬಂದಿದೆ ಅಂದ್ರೆ ಅದು ಪುಸ್ತಕದ ತಪ್ಪಲ್ಲ, ಪುಸ್ತಕದಲ್ಲಿ ತಿದ್ದೋಕೂ ಆಗಲ್ಲ. ಬುಧವಾರ ಅಚ್ಚಿಗೆ ಹೋಗ್ಬೇಕು. ನಾವ್ಯಾಕೆ ಅವರಿವರ ತರಗತಿಯಲ್ಲಿ ಮೂಗು ತೂರಿಸೋಣ?"

ಮಾತು ಸರಿಯಾಗಿಯೇ ಇತ್ತು. ತಂಗಿಗೆ ಜೀವ ಹಗುರವಾದಂತಾಯಿತು. ಚಟುವಟಿಕೆ ತೆಗೆದರೆ ಅಣ್ಣ ಒಂದೆರಡು ದಿನ ಬೇಜಾರಾದಾನು, ಪುಟ ಹೆಚ್ಚಾಯಿತು ಎಂದರೆ ನಂಬಿಯಾನು. ಅವನ ಮನೆಯ ಬಾಗಿಲು ತೆರೆದೇ ಇರುತ್ತದೆ, ಮರಿ ಎನ್ನುವ ಬಾಯಿ ಉಳಿಯುತ್ತದೆ. ಹಾಗೆಂದುಕೊಂಡು ಬೀದಿಗಿಳಿದವಳಿಗೆ ಬಸ್ ನಿಲ್ದಾಣ ತಲುಪುವುದರೊಳಗೆ ಆ ಹಗುರವೆಲ್ಲ ಇಳಿದುಹೋಯಿತು. ಆ ನಲವತ್ತರಲ್ಲಿ ಒಂದು ಚೀಟಿ ಗುಬ್ಬಿಯದು.

ಗುಬ್ಬಿ ಅಣ್ಣನ ಮಗಳು. ಹೆಸರಿಗೆ ತಕ್ಕಂತೆ ಸಣ್ಣ ದೇಹ, ಚುರುಕು ಕಣ್ಣು. ಹದಿನಾಲ್ಕು ತುಂಬಿತ್ತು. ಮನೆಯಲ್ಲಿಯೂ ಅಪ್ಪ, ತರಗತಿಯಲ್ಲಿಯೂ ಅಪ್ಪ. ಅಪ್ಪನಿಂದ ತಪ್ಪಿಸಿಕೊಂಡು ಉಸಿರು ಬಿಡಲು ಅವಳಿಗಿದ್ದದ್ದು ಶಾಲೆಗೂ ಮನೆಗೂ ನಡುವಿನ ದಾರಿ ಮಾತ್ರ.

ಭಾನುವಾರ ತಂಗಿ ಅಣ್ಣನ ಮನೆಗೆ ಹೋದಳು. ಮೆಟ್ಟಿಲು ಹತ್ತುವಾಗ, ಮಕ್ಕಳಿಗೆ ಸೂಚನೆಯೇ ಅರ್ಥವಾಗದೆ ಹಾಗೆ ಬರೆದಿರಲಿ ದೇವರೇ ಎಂದು ಬೇಡಿಕೊಂಡಳು. ತನ್ನ ಪಾಠ ಕೆಟ್ಟದಾಗಿರಲಿ ಎಂದು ಬೇಡಿಕೊಂಡ ಲೇಖಕಿ ಬಹುಶಃ ಅವಳೊಬ್ಬಳೇ ಇರಬೇಕು. ಅತ್ತಿಗೆ ಬಾಗಿಲು ತೆಗೆದು, "ಬನ್ನಿ ಬನ್ನಿ, ನಿಮ್ಮಣ್ಣ ಬೆಳಿಗ್ಗೆಯಿಂದ ಒಂದೇ ರಾಗ, ನನ್ನ ತರಗತಿ ಪುಸ್ತಕದಲ್ಲಿ ಬರುತ್ತೆ ಅಂತ," ಎಂದು ಪಿಸುದನಿಯಲ್ಲಿ ನಕ್ಕಳು. ಆ ಮನೆಯಲ್ಲಿ ನಗುವುದೂ ಪಿಸುದನಿಯಲ್ಲೇ. ಒಳಕೋಣೆಯಲ್ಲಿ ಅಣ್ಣ ಉತ್ತರಪತ್ರಿಕೆ ತಿದ್ದುತ್ತಿದ್ದ. "ಬಂದೆ ಮರಿ, ಇದೊಂದು ಕಟ್ಟು ಮುಗಿಸಿ ಬರ್ತೀನಿ," ಎಂದ.

ಗುಬ್ಬಿ ಹಿಂದಿನ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ತಂಗಿ ಹೋಗಿ ಇನ್ನೊಂದು ತುದಿಯಿಂದ ತೆಗೆಯತೊಡಗಿದಳು. ದುಪ್ಪಟಿಯ ಎರಡು ತುದಿಯನ್ನು ಇಬ್ಬರೂ ಹಿಡಿದು ಮಡಿಸುವಾಗ ಕೇಳಿದಳು.

"ಗುಬ್ಬೀ, ಆ ನಾಣ್ಯದ ಚಟುವಟಿಕೆ ನಿಮಗೆ ಅರ್ಥ ಆಯ್ತೇನೇ?"

"ಆಯ್ತಲ್ಲ ಅತ್ತೆ."

"ನನ್ನ ಮನಸ್ಸಿಗೆ ಹಿತವಾಗ್ಲಿ ಅಂತ ಹೇಳಬೇಡ. ಅರ್ಥ ಆಗ್ಲಿಲ್ಲ ಅಂದ್ರೆ ನನಗೆ ಒಳ್ಳೇದೇ. ತಿದ್ದಬಹುದು."

"ಹೆಡ್ ಬಿದ್ರೆ ಹೌದು ಅಂತ ಬರೀಬೇಕು. ಟೇಲ್ ಬಿದ್ರೆ ನಿಜ ಬರೀಬೇಕು," ಎಂದಳು ಗುಬ್ಬಿ, ಮಗ್ಗಿ ಒಪ್ಪಿಸುವ ಹಾಗೆ.

ತಂಗಿಯ ಬೇಡಿಕೆ ಅಲ್ಲಿಗೆ ಮಣ್ಣಾಯಿತು. "ನಿನಗೇನು ಬಿತ್ತು?" ಎಂದಳು.

ಗುಬ್ಬಿ ಬಟ್ಟೆಯ ಕ್ಲಿಪ್ಪಿನ ಬಾಯಿ ತೆರೆದು ಮುಚ್ಚಿ ಮಾಡಿದಳು. "ಹೆಡ್."

"ಬರೆದದ್ದು?"

"ಇಲ್ಲ ಅಂತ."

"ಅಯ್ಯೋ, ಯಾಕೇ? ಹೌದು ಅಂದ್ರೂ ಅದು ನಾಣ್ಯದ ಮಾತು, ನಿನ್ನ ಮಾತಲ್ಲ ಅಂತ ಎಲ್ಲರಿಗೂ ಗೊತ್ತಿರುತ್ತಲ್ಲ."

"ಅಪ್ಪಂಗೆ ಎಲ್ಲರ ಅಕ್ಷರಾನೂ ಗೊತ್ತು ಅತ್ತೆ. ಹೌದು ಅಂತ ಕಂಡ್ರೆ ನಾಣ್ಯ ನೆನಪಿಸಿಕೊಳ್ತಾರಾ? ನನ್ನ ಮುಖ ನೋಡ್ತಾರೆ."

"ಎಲ್ಲರೂ ಮೊದಲೇ ಮಾತಾಡ್ಕೊಂಡಿದ್ರಾ?"

ಗುಬ್ಬಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅಪ್ಪನ ಕ್ಲಾಸಲ್ಲಿ ಯಾರು ಮಾತಾಡ್ತಾರೆ? ಪಕ್ಕದವಳಿಗೂ ಹೆಡ್ಡೇ ಬಿದ್ದಿತ್ತು, ನಾಣ್ಯ ಜಾರಿ ನನ್ನ ಕಾಲ ಹತ್ರ ಬಂತು, ಅದಕ್ಕೆ ಗೊತ್ತಾಯ್ತು. ಅವಳೂ ಇಲ್ಲ ಅಂತಾನೇ ಬರೆದಳು. ನಾವೇನೂ ಹೇಳ್ಕೊಂಡಿರಲಿಲ್ಲ."

"ಅಪ್ಪ ಹೊಡೀತಾರೇನೇ?" ಎಂದು ಕೇಳಿದ ತಂಗಿಗೆ ಉತ್ತರ ಮೊದಲೇ ಗೊತ್ತಿತ್ತು.

"ಇಲ್ಲಪ್ಪ. ಹೊಡೆದ್ರೆ ಅತ್ತು ಮುಗಿಸಬಹುದಿತ್ತು." ಗುಬ್ಬಿ ಒಳಗೆ ಒಮ್ಮೆ ನೋಡಿ ದನಿ ಇನ್ನೂ ಇಳಿಸಿದಳು. "ಕಿಟಕಿ ಹತ್ರ ಕೂರೋ ಒಬ್ಬಳು ಬೋರ್ಡ್ ಮೇಲೆ ಲೆಕ್ಕ ತಪ್ಪು ಮಾಡಿದಳು. ಅಪ್ಪ ತಪ್ಪು ಅಂದಾಗ ನಕ್ಕುಬಿಟ್ಟಳು, ಅವಳಿಗೆ ಗಾಬರಿಯಾದ್ರೆ ನಗು ಬರುತ್ತೆ. ಅವತ್ತಿನಿಂದ ಅಪ್ಪ ಅವಳ ಹೆಸರು ಕರೆಯೋದೇ ಬಿಟ್ರು. ಹಾಜರಿ ಕರೆಯುವಾಗ ಅವಳ ಹೆಸರು ಬಿಟ್ಟು ಮುಂದಿನ ಹೆಸರಿಗೆ ಹೋಗ್ತಾರೆ. ಅವಳು ದಿನಾ ಬರ್ತಾಳೆ, ದಿನಾ ಬಂದಿಲ್ಲ ಅಂತಾಗುತ್ತೆ. ಮೊದಮೊದಲು ನಾನಿದೀನಿ ಸರ್ ಅಂತಿದ್ದಳು. ಈಗ ಅದೂ ಅನ್ನಲ್ಲ. ನಮ್ಮ ಜೊತೆಗೂ ಮಾತು ಕಮ್ಮಿ ಮಾಡಿಬಿಟ್ಟಿದಾಳೆ." ಅಷ್ಟು ಹೇಳಿದ್ದೇ ಗುಬ್ಬಿಗೆ ಹೆಚ್ಚಾಯಿತೆನ್ನಿಸಿತು. ಅತ್ತೆಯ ಮುಂಗೈ ಹಿಡಿದುಕೊಂಡಳು. "ನಾನು ಹೇಳಿದೆ ಅಂತ ಅಪ್ಪಂಗೆ ಹೇಳಬೇಡಿ ಅತ್ತೆ. ಖಂಡಿತ ಹೇಳಬೇಡಿ."

"ಹೇಳಲ್ಲ ಕಣೇ," ಎಂದಳು ತಂಗಿ. ಹಾಜರಿಯಲ್ಲಿ ಹೆಸರು ಬಿಡುವುದು! ಇದ್ದೂ ಇಲ್ಲದವಳಾಗುವುದು ಹೇಗಿರುತ್ತದೆ ಎಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆದರೆ ಅವಳಿಗೆ ಆ ಶಿಕ್ಷೆ ಸಿಗುತ್ತಿದ್ದದ್ದು ಜಡೆ ಹಾಕಿದ ಕೈಯಿಂದ. ಕಿಟಕಿಯ ಪಕ್ಕದ ಹುಡುಗಿಗೆ ಆ ಸಮಾಧಾನವೂ ಇರಲಿಲ್ಲ. ಇದುವರೆಗೆ ಅಣ್ಣನನ್ನು ಕಾಪಾಡಿಕೊಂಡು ಬಂದ ಶಿಸ್ತು ಎಂಬ ಪದವನ್ನು ಅವಳು ಆ ಹುಡುಗಿಯ ಮುಂದೆ ಹೇಗೆ ಆಡಬಲ್ಲಳು? ಇವತ್ತು ಬಾಯಿ ಬಿಡದಿದ್ದರೆ ಇನ್ನು ಯಾವತ್ತೂ ಬಿಡುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಬಿಟ್ಟರೆ ಅಣ್ಣ ತನ್ನ ಪಾಲಿಗೆ ಇರುವುದಿಲ್ಲ ಎಂದೂ ಗೊತ್ತಿತ್ತು.

ಅತ್ತಿಗೆ ಚಹಾ ತಂದಿಟ್ಟಳು. ಅಣ್ಣ ಬಂದು ಕುರ್ಚಿ ಎಳೆದು ಕೂತ. ಮುಖ ಅರಳಿತ್ತು. "ಹೇಳಮ್ಮ ಲೇಖಕಿ, ಯಾವ ಪುಟದಲ್ಲಿ ಬರುತ್ತೆ ನಮ್ಮ ಸೊನ್ನೆ?"

ತಂಗಿ ಚಹಾ ಮುಟ್ಟಲಿಲ್ಲ. "ಅಣ್ಣ, ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಲವತ್ತು ಮಕ್ಕಳು ನಾಣ್ಯ ಚಿಮ್ಮಿದ್ರು ಅಲ್ವಾ? ಹೆಡ್ ಎಷ್ಟು ಜನಕ್ಕೆ ಬಿದ್ದಿರಬೇಕು?"

"ಇಪ್ಪತ್ತು. ಹೆಚ್ಚೂ ಕಮ್ಮಿ," ಎಂದ ಅಣ್ಣ ತಟ್ಟನೆ. ಲೆಕ್ಕದಲ್ಲಿ ಅವನು ಅಷ್ಟು ಚುರುಕು. ಉತ್ತರ ಬಾಯಿಂದ ಬಿದ್ದ ಮೇಲೆ ಅವನ ಕೈ ಲೋಟದ ಮೇಲೆ ನಿಂತಿತು. ಮುಂದಿನ ಹೆಜ್ಜೆಗಳನ್ನೆಲ್ಲ ಅವನು ತಾನೇ ಹಾಕಿಕೊಂಡ. ಅವಳು ಬಿಡಿಸಿ ಹೇಳುವ ಅಗತ್ಯವೇ ಬರಲಿಲ್ಲ. ಮುಖ ಒಂದೊಂದೇ ಗೆರೆಯಾಗಿ ಬಿಗಿಯಿತು.

"ಸೂಚನೆ ಸರಿಯಿಲ್ಲ," ಎಂದ.

"ಬೇರೆ ಶಾಲೆಯಲ್ಲೆಲ್ಲ ಸರಿಯಾಗಿ ಮಾಡಿದ್ದಾರೆ ಅಣ್ಣ."

"ಆ ಮಕ್ಕಳು ಬೇರೆ. ನೀನು ಬರೆದಿರೋ ವಾಕ್ಯದಲ್ಲಿ ಎರಡು ‘ಆದರೆ’, ಒಂದು ‘ಆದಾಗ್ಯೂ’. ನನಗೇ ಎರಡು ಸಲ ಓದಬೇಕಾಯ್ತು. ಪಾಪ, ನಾಣ್ಯ ಬಿಟ್ಟು ನಿಜಾನೇ ಬರೆದಿದಾವೆ ಮಕ್ಕಳು."

"ನಿಜಾನೇ ಬರೆದಿದ್ರೂ ಒಬ್ಬರಾದ್ರೂ ಹೌದು ಅನ್ನಬೇಕಿತ್ತಲ್ಲ. ಲೆಕ್ಕದ ಮೇಷ್ಟ್ರು ಅಂದ್ರೆ ಯಾರಿಗೂ ಭಯ ಇಲ್ಲದ ತರಗತಿ ಲೋಕದಲ್ಲಿ ಎಲ್ಲಿದೆ?"

"ನನ್ನದು ಇದೆ," ಎಂದ ಅಣ್ಣ. ದನಿ ಏರಲಿಲ್ಲ. ಅವನ ದನಿ ಎಂದೂ ಏರುವುದಿಲ್ಲ. "ಅಂದ್ರೆ ನೀನು ಹೇಳ್ತಿರೋದು, ನನಗೆ ಹೆದರಿ ಇಪ್ಪತ್ತು ಮಕ್ಕಳು ಸುಳ್ಳು ಬರೆದ್ರು ಅಂತ."

"ಹೂಂ."

"ಇಷ್ಟು ವರ್ಷ ಪಾಠ ಮಾಡಿ ನಾನು ಸಂಪಾದಿಸಿದ್ದು ಇಷ್ಟೇ ಅಂತ."

ಅಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಗುಬ್ಬೀ," ಎಂದ. ಮಡಿಸಿದ ಬಟ್ಟೆಯ ಗಂಟು ಎದೆಗವಚಿಕೊಂಡು ಹೋಗುತ್ತಿದ್ದ ಹುಡುಗಿ ಅಲ್ಲೇ ನಿಂತಳು.

"ಅವತ್ತು ನಿನಗೇನಮ್ಮ ಬಿದ್ದದ್ದು?"

"ಟೇಲ್ ಅಪ್ಪ," ಎಂದಳು ಗುಬ್ಬಿ. ರೆಪ್ಪೆ ಕೂಡ ಬಡಿಯಲಿಲ್ಲ.

"ಏನು ಬರೆದೆ?"

"ಇಲ್ಲ ಅಂತ. ಭಯ ಇಲ್ಲ ಅಂತ."

"ನೋಡಿದ್ಯಾ?" ಎಂದ ಅಣ್ಣ ತಂಗಿಯ ಕಡೆ ತಿರುಗಿ. ಗುಬ್ಬಿ ಹೇಳಿದ್ದನ್ನು ಅಲ್ಲಿ ಬಿಚ್ಚಿದರೆ ಹುಡುಗಿಯನ್ನು ತಾನೇ ಬಾವಿಗೆ ತಳ್ಳಿದ ಹಾಗೆ. ಬಿಚ್ಚದಿದ್ದರೆ ವಾದ ಮುಗಿದ ಹಾಗೆ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ಅಣ್ಣ ಕನ್ನಡಕ ಹಾಕಿಕೊಳ್ಳಲಿಲ್ಲ. ಕಣ್ಣು ಕಿರಿದು ಮಾಡಿ ತಂಗಿಯನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು, ಅದನ್ನು ತಾಳುವುದು ಅವಳಿಗೆ ಇನ್ನೂ ಕಷ್ಟವಾಯಿತು. "ಬೇರೆಯವರ ಮಕ್ಕಳು ಬಿಡು. ನೀನು ಹೇಳು ಮರಿ. ನಿನ್ನ ಎತ್ತಿ ಆಡಿಸಿದವನು ನಾನು. ನಿನಗೆ ನನ್ನ ಕಂಡ್ರೆ ಭಯಾನಾ?"

"ಇಲ್ಲಣ್ಣ," ಎಂದಳು ತಂಗಿ.

ಮಾತು ತಾನಾಗಿ ಬಂದುಬಿಟ್ಟಿತು. ಯೋಚಿಸಲು ಬಿಡುವೇ ಸಿಗಲಿಲ್ಲ. ಅಷ್ಟು ಸಲೀಸಾಗಿ, ಅಷ್ಟು ಬೇಗ ಬಂತು.

"ಮತ್ತೆ?" ಎಂದ ಅಣ್ಣ. ಬಿಗಿದಿದ್ದ ಭುಜ ಸಡಿಲಿಸಿ ಚಹಾದ ಲೋಟ ಎತ್ತಿಕೊಂಡ. "ಸುಮ್ನೆ ಏನೇನೋ ತಲೆಗೆ ಹಚ್ಕೋತೀಯ. ಚಹಾ ಕುಡಿ, ಆರಿಹೋಗುತ್ತೆ."

ತಂಗಿ ತಲೆ ಎತ್ತಿದಾಗ ಗುಬ್ಬಿ ಅವಳನ್ನೇ ನೋಡುತ್ತಿದ್ದಳು. ಅತ್ತೆ ಕೈ ಬಿಟ್ಟಳೆಂಬ ಸಿಟ್ಟು ಆ ಮುಖದಲ್ಲಿ ಇರಲಿಲ್ಲ. ಪಕ್ಕದ ಬೆಂಚಿನವಳನ್ನು ನೋಡುವ ಹಾಗೆ ನೋಡುತ್ತಿದ್ದಳು, ನಿನಗೂ ಹೆಡ್ಡೇ ಬಿತ್ತಾ ಎನ್ನುವ ಹಾಗೆ. ಅದನ್ನು ಕಂಡು ತಂಗಿಗೆ ಎಂಥ ನಾಚಿಕೆಯಾಯಿತೆಂದರೆ, ಮೂರು ಮುದ್ರಣ ಕಂಡ ಪುಸ್ತಕವೂ ಬೇಡ, ಮೇಡಂ ಎನ್ನಿಸಿಕೊಳ್ಳುವುದೂ ಬೇಡ ಎನ್ನಿಸಿತು.

"ಸುಳ್ಳು ಹೇಳಿದೆ ಅಣ್ಣ," ಎಂದಳು.

"ಏನು?"

"ಈಗ ಹೇಳಿದ್ನಲ್ಲ, ಅದು ಸುಳ್ಳು. ಭಯ ಇದೆ. ಇಲ್ಲಿಗೆ ಬರುವಾಗ ಮೆಟ್ಟಿಲ ಮೇಲೆ ದೇವರನ್ನ ಬೇಡ್ಕೊಂಡೇ ಬಂದೆ. ನಿನಗೆ ಫೋನ್ ಮಾಡೋಕೆ ಮುಂಚೆ ಏನು ಮಾತಾಡ್ಬೇಕು ಅಂತ ಒಂದ್ಸಲ ಹೇಳ್ಕೋತೀನಿ. ತಪ್ಪು ಮಾತಾಡಿದ್ರೆ ನೀನು ಮಾತು ಬಿಟ್ಟುಬಿಡ್ತೀಯ ಅಂತ. ನೀನು ಮಾತು ಬಿಟ್ರೆ ನಾನು ಸತ್ತ ಹಾಗೆ ಅಣ್ಣ."

ಅಣ್ಣ ಕುಡಿಯದ ಲೋಟವನ್ನು ಕೆಳಗಿಟ್ಟ. ಎದ್ದು ಹೋಗುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು ಎಂದು ತಂಗಿ ಕಾದಳು. ಅವನು ಏಳಲಿಲ್ಲ.

"ಯಾವಾಗಿಂದ?" ಎಂದು ಕೇಳಿದ.

ಆ ಪ್ರಶ್ನೆಗೆ ಅವಳು ಸಿದ್ಧವಾಗಿ ಬಂದಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. "ಗೊತ್ತಿಲ್ಲ ಅಣ್ಣ. ನೀನು ನನಗೆ ಜಡೆ ಹಾಕ್ತಿದ್ಯಲ್ಲ, ಆಗಿಂದ."

ಅಣ್ಣ ತನ್ನ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿಕೊಂಡು ಅವುಗಳನ್ನೇ ನೋಡುತ್ತಾ ಕೂತ. ಕೆಂಪು ಶಾಯಿ ಬೆರಳ ತುದಿಗೆ ಹತ್ತಿತ್ತು. ತಲೆ ಎತ್ತಿ ಹೆಂಡತಿಯ ಕಡೆ ನೋಡಿದ. ಅತ್ತಿಗೆ ನೆಲ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿದ. ಗುಬ್ಬಿ ಬಟ್ಟೆಯ ಗಂಟನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ‘ಇಲ್ಲ ಅಪ್ಪ’ ಎಂಬ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು, ಕೇಳಿದ ಕೂಡಲೇ ಹೇಳಿಬಿಡುವ ಹಾಗೆ ತುಟಿ ಬಿಚ್ಚಿಕೊಂಡೇ ಇತ್ತು.

ಅಣ್ಣನೂ ಕೇಳಲೆಂದೇ ಬಾಯಿ ತೆರೆದ. ಮಗಳ ತುಟಿಗಳನ್ನು ನೋಡಿದ. ಕೇಳಲು ಅವನಿಗೆ ಭಯವಾಯಿತು.